ಉಲ್ಟಾ ಕೆ

ಅಪ್ಪನನ್ನು ಬೇಸ್‌ಬಾಲ್‌ ನೋಡಲು ಕರೆದುಕೊಂಡು ಹೋಗಿದ್ದು ನನ್ನದೇ ತಪ್ಪು. ಅರಸೀಕೆರೆಯಲ್ಲಿ 34 ವರ್ಷ ಮೇಷ್ಟ್ರಾಗಿದ್ದವರು ಸುಮ್ನೆ ಕೂತು ಆಟ ನೋಡುತ್ತಾರೆ ಅಂದುಕೊಂಡಿದ್ದೆ.

ಇಲ್ಲಿ ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್‌ ಫೆಬ್ರವರಿ ಮಧ್ಯಕ್ಕೆ ಶುರು. ನಾನು ಸ್ಟ್ಯಾನ್‌ಫರ್ಡ್‌ನ ಸಂಕನ್‌ ಡೈಮಂಡ್‌ ಮೈದಾನಕ್ಕೆ ಮೂರು ವರ್ಷದಿಂದ ಕಾಯಂ ಗಿರಾಕಿ. 4,000 ಜನ ಹಿಡಿಯುವ, ಚಿನ್ನಸ್ವಾಮಿಯ ಮುಂದೆ ಮರಿಯಂಥ ಜಾಗ. ಹೆಸರಿಗೆ ತಕ್ಕ ಹಾಗೆ ಗುಂಡಿಯಲ್ಲಿದೆ. 1921ರಲ್ಲಿ ಫುಟ್‌ಬಾಲ್‌ ಸ್ಟೇಡಿಯಂ ಕಟ್ಟಲು ಇಲ್ಲಿಂದ ಮಣ್ಣು ಎತ್ತಿದರು. ಉಳಿದ ಗುಂಡಿ ಬೇಸ್‌ಬಾಲ್‌ ಪಾಲಿಗೆ ಬಂತು.

"ಹೂಳೆತ್ತಿದ ಕೆರೆ ಕಣೋ ಇದು. ಮಳೆ ಬಂದ್ರೆ ನೀರು ಎಲ್ಲಿಗೆ ಹೋಗುತ್ತೆ?" ಅಂದರು ಅಪ್ಪ. ಮೂರು ವರ್ಷದಲ್ಲಿ ನನಗೊಮ್ಮೆಯೂ ಹೊಳೆಯದ ಪ್ರಶ್ನೆ.

ಬಿಸಿಲು ಬೀಳದ ಕಡೆ ಕೂರೋಣ ಅಂತ ಅವರೇ ಹುಡುಕಿ ಕೂತರು. ಅದು ಎದುರು ತಂಡದ ಅಪ್ಪ ಅಮ್ಮಂದಿರ ಮಧ್ಯೆ ಎಂದು ಗೊತ್ತಾಗುವಷ್ಟರಲ್ಲಿ ಅಪ್ಪ ಪಕ್ಕದವರಿಗೆ ಕೋಡುಬಳೆ ಹಂಚಿಯಾಗಿತ್ತು. ಇನ್ನು ಎದ್ದು ಹೋಗುವುದು ಹೇಗೆ? ಸ್ಟ್ಯಾನ್‌ಫರ್ಡ್‌ ತಂಡದ ನನ್ನ ಕೆಂಪು ಟೋಪಿ ತೆಗೆದು ಚೀಲಕ್ಕೆ ಹಾಕಿದೆ.

ಕಾಲೇಜು ಹುಡುಗರ ಬ್ಯಾಟು ಲೋಹದ್ದು. ಮೊದಲ ಹೊಡೆತವೇ ಸ್ಟೀಲ್‌ ಬಿಂದಿಗೆಗೆ ಸೌಟು ಬಡಿದ ಹಾಗೆ 'ಟಣ್‌' ಅಂತು. ಚೆಂಡು ನಮ್ಮ ತಲೆ ಮೇಲೆ ಹಾರಿ ಹಿಂದೆಲ್ಲೋ ಬಿತ್ತು. ಅಪ್ಪ "ಸಿಕ್ಸರ್!" ಅಂತ ಎದ್ದು ಎರಡೂ ಕೈ ಎತ್ತಿದರು. ಇಡೀ ಸ್ಟೇಡಿಯಂನಲ್ಲಿ ಮೇಲೆದ್ದ ಕೈ ಅವೆರಡೇ.

"ಅಪ್ಪ, ಅದು ಫೌಲ್‌. ಮುಂದಿನ ಎರಡು ಗೆರೆಗಳ ಒಳಗೇ ಹೊಡೀಬೇಕು."

"ಹಿಂದಕ್ಕೆ ಹೊಡೆದ್ರೆ ರನ್‌ ಇಲ್ವಾ? ಹಾಗಾದ್ರೆ ವಿಶ್ವನಾಥ್‌ ಲೇಟ್‌ ಕಟ್‌ ಇಲ್ಲಿ ದಂಡ ಅನ್ನು."

ಇದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ತರುತ್ತೇನೆ ಅಂತ ಎದ್ದು ಹೋದೆ. ನಿಜವಾದ ಎಡವಟ್ಟು ಆಗ ಆಯಿತು.

ನಮ್ಮ ಮುಂದೆ ಎಂಟು ವರ್ಷದ ಹುಡುಗನೊಬ್ಬ ಕಂಬಿಗೆ ರಟ್ಟು ಅಂಟಿಸುತ್ತಿದ್ದ. ತನ್ನ ತಂಡದಲ್ಲಿ ಚೆಂಡು ಎಸೆಯುವ ಪಿಚರ್‌ ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯದೆ ಕಳೆದುಕೊಂಡ ಮೂರು ಎಸೆತಕ್ಕೆ, ಒಬ್ಬನನ್ನು ಔಟ್‌ ಮಾಡಿದರೆ ಒಂದು ಕೆ ಅಕ್ಷರ. ಮೂರನೆಯದನ್ನು ಉಲ್ಟಾ ಅಂಟಿಸಿದ್ದ, ಕನ್ನಡಿಯಲ್ಲಿ ಕಂಡ ಹಾಗೆ. ನಾನು ವಾಪಸ್‌ ಬಂದಾಗ ಅಪ್ಪ ಕಂಬಿಯ ಹತ್ತಿರ ನಿಂತಿದ್ದರು. ರಟ್ಟು ಕಿತ್ತು, ಸರಿಯಾಗಿ ತಿರುಗಿಸಿ, ಟೇಪನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದರು. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಪ್ಪ ಅವನ ಬೆನ್ನು ತಟ್ಟಿ, "ನೌ ಕರೆಕ್ಟ್" ಅಂದರು.

ಹುಡುಗನ ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನು ವಿವರಿಸಿದೆ. ಬ್ಯಾಟ್‌ ಬೀಸಿಯೂ ಚೆಂಡು ತಾಗದೆ ಔಟಾದರೆ ನೆಟ್ಟಗಿನ ಕೆ. ಮೂರನೇ ಸ್ಟ್ರೈಕನ್ನು ಬೀಸದೆ ನೋಡುತ್ತಾ ನಿಂತರೆ ಉಲ್ಟಾ ಕೆ. ಈ ಕೆ ಬಳಕೆಗೆ ತಂದವರು ಹೆನ್ರಿ ಚಾಡ್ವಿಕ್‌ ಎಂಬ ಪತ್ರಕರ್ತ, 'ಸ್ಟ್ರಕ್‌' ಪದದ ಕೊನೆಯ ಅಕ್ಷರ ಅದು. ಅವರು ಮೊದಲು ಕ್ರಿಕೆಟ್‌ ವರದಿ ಬರೆಯುತ್ತಿದ್ದವರು ಅಂದ ಮೇಲೆಯೇ ಅಪ್ಪ ಪೂರ್ತಿ ನಂಬಿದ್ದು.

"ಅಂದ್ರೆ ಓದಿ ಫೇಲಾದವನಿಗೆ ನೆಟ್ಟಗೆ, ಖಾಲಿ ಪೇಪರ್‌ ಕೊಟ್ಟು ಫೇಲಾದವನಿಗೆ ಉಲ್ಟಾ. ಛೆ, ಸರ್ವೀಸಲ್ಲಿದ್ದಾಗ ಇದು ಗೊತ್ತಿರಬೇಕಿತ್ತು!"

ಹುಡುಗನಿಗೆ ಸಾರಿ ಹೇಳಿ ರಟ್ಟನ್ನು ಮತ್ತೆ ಉಲ್ಟಾ ಮಾಡಿದರು. ಅಲ್ಲಿಂದ ಅಪ್ಪನೇ ಅವನ ಸಹಾಯಕ. ಉಳಿದಷ್ಟೂ ಇನ್ನಿಂಗ್ಸ್‌ ಹಲ್ಲಿನಲ್ಲಿ ಟೇಪ್‌ ಕಡಿದು ಕೊಟ್ಟರು. ಒಟ್ಟು ಹನ್ನೊಂದು ಕೆ ಆಯಿತು. ಸೋತಿದ್ದು ನಮ್ಮ ತಂಡ.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ ಹೆಂಡತಿ ಕೇಳಿದಳು, "ರೀ, ಕೊತ್ತಂಬರಿ ಸೊಪ್ಪು ಎಲ್ಲಿ?"

ನಾನು ಸುಮ್ನೆ ನಿಂತೆ. ಅಪ್ಪ ಕನ್ನಡಕ ಹಾಕಿಕೊಂಡು ಫ್ರಿಜ್‌ ಹತ್ತಿರ ಹೋದರು. ಸಾಮಾನಿನ ಪಟ್ಟಿ ಬರೆಯುವ ಬೋರ್ಡಿನಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ, ದುಂಡಗೆ ಒಂದು ಉಲ್ಟಾ ಕೆ ಬರೆದರು.