ಇಲ್ಲದ ಕ್ಯಾಂಪಿಗೆ ಚೌಕಾಸಿ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದೆ. "ಏಪ್ರಿಲ್‌ನಲ್ಲಿ ನಮ್ಮ ಟೆರೇಸ್ ಮೇಲೆ ಮಕ್ಕಳ ಬೇಸಿಗೆ ಶಿಬಿರ ನಡೆಸಿದರೆ ನಿಮ್ಮ ಮಕ್ಕಳನ್ನು ಕಳಿಸುತ್ತೀರಾ? ಹೌದು, ಇಲ್ಲ." ಇಷ್ಟೇ. ಬಂದ ಉತ್ತರಗಳು: ಗುಲಾಬಿ ಹೂವಿನ ಶುಭೋದಯಗಳು, "ನೀರು ಬಂತಾ?" ಅಂತ ಒಬ್ಬರು, "ನಮ್ಮ ಬೀದಿಗೆ ಇನ್ನೂ ಇಲ್ಲ" ಅಂತ ಮಿಕ್ಕವರೆಲ್ಲ. "ಹೌದು" ಒತ್ತಿದ ಒಬ್ಬರೇ ಪುಣ್ಯಾತ್ಮರು ಮೂಲೆಮನೆಯ ರಿಟೈರ್ಡ್ ಎಂಜಿನಿಯರ್. ಅವರ ಮೊಮ್ಮಕ್ಕಳಿರುವುದು ಅಮೆರಿಕದಲ್ಲಿ. ಫೋನ್ ಮಾಡಿ ಕೇಳಿದರೆ, "ಕೈ ತಾಗಿಬಿಡ್ತು ಕಣಮ್ಮಾ, ಅದನ್ನ ತೆಗೆಯೋದು ಹೇಗೆ?" ಅಂದರು.

ಮೈಸೂರಿನಲ್ಲಿ ಮೂವತ್ತು ನಲವತ್ತು ಸೈಟಿನ ಮನೆ ನಮ್ಮದು. ಸೋರುತ್ತಿತ್ತು ಅಂತ ಟೆರೇಸಿಗೆ ಶೀಟು ಹಾಕಿಸಿದ್ದೆವು. ಅಲ್ಲಿ ಒಣಬಟ್ಟೆ ಬಿಟ್ಟರೆ ಯಾರೂ ವಾಸವಿಲ್ಲ. ಮಕ್ಕಳಿಗೆ ಚಿತ್ರ, ಕಥೆ, ಒಂದಿಷ್ಟು ಆಟ ಹೇಳಿಕೊಟ್ಟರೆ ನಾಲ್ಕು ಕಾಸು ಬರಬಹುದು ಅಂದುಕೊಂಡೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನ್ನ ತಮ್ಮ ಮಾತ್ರ, "ಮೊದಲು ಕಸ್ಟಮರ್ ಯಾರು ಅಂತ ರಿಸರ್ಚ್ ಮಾಡಕ್ಕಾ, ಮನೆಮನೆಗೂ ಹೋಗು" ಅಂದ. ಹೇಳುವುದಕ್ಕೇನು, ಅವನು ಎಸಿಯಲ್ಲಿ ಕೂತಿದ್ದ. ಮಾರ್ಚ್ ಬಿಸಿಲಲ್ಲಿ ಛತ್ರಿ, ನೋಟ್‌ಬುಕ್ಕು ಹಿಡಿದು ಹೊರಟವಳು ನಾನು.

ಹೊರಟ ಮೇಲೆ ಗೊತ್ತಾಯಿತು, ನಮ್ಮ ಬೀದಿಯಲ್ಲಿ ಗಿರಾಕಿಗಳೇ ಇಲ್ಲ. ಎಲ್ಲರೂ ಅಂಗಡಿಯವರೇ! ಎದುರುಮನೆಯಲ್ಲಿ ಅಬ್ಯಾಕಸ್. ಅದರ ಪಕ್ಕದಲ್ಲಿ ವೇದಗಣಿತ. ಮಹಡಿ ಮೇಲೆ ಭರತನಾಟ್ಯ, ಕೆಳಗೆ ದುಂಡಗೆ ಬರೆಯುವ ಕ್ಲಾಸು. ನಾನು ಪ್ರಶ್ನೆ ಕೇಳುವ ಮೊದಲೇ ಒಂದೊಂದು ಪಾಂಪ್ಲೆಟ್ ಕೈಗಿಟ್ಟು, "ನಿಮ್ಮ ಮಗನಿಗೆ ಎಷ್ಟು ವಯಸ್ಸು?" ಅಂತ ನನ್ನನ್ನೇ ಕೇಳಿದರು.

ಇನ್ನು ಊರೊಳಗಿನ ಪೈಪೋಟಿ ಬೇರೆ. ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಚಿಣ್ಣರ ಮೇಳ ನಡೆಯುತ್ತದೆ. ಅದರ ಅರ್ಜಿಗೆ ಅಪ್ಪ ಅಮ್ಮಂದಿರು ಸಾಲು ನಿಲ್ಲುತ್ತಾರೆ. ಈಜು ಬೇಕೆಂದರೆ ಸರಸ್ವತಿಪುರಂನಲ್ಲಿ ಯೂನಿವರ್ಸಿಟಿ ಕೊಳವಿದೆ. ಮೃಗಾಲಯದವರೂ ಬೇಸಿಗೆ ಶಿಬಿರ ಮಾಡುತ್ತಾರೆ. 1892ರಿಂದ ಇರುವ ಮೃಗಾಲಯ ಅದು. ಅವರ ಹತ್ತಿರ ಜಿರಾಫೆ ಇದೆ. ನನ್ನ ಹತ್ತಿರ ಇರುವುದು ಸಿಂಟೆಕ್ಸ್ ಟ್ಯಾಂಕು.

ತಾರೀಖಿನ ಗೋಳು ಕೇಳಲೇಬೇಡಿ. ಸ್ಟೇಟ್ ಸಿಲಬಸ್ ಮಕ್ಕಳಿಗೆ ಏಪ್ರಿಲ್ 10ರ ಹೊತ್ತಿಗೆ ರಿಸಲ್ಟು, ಆಮೇಲೆ ರಜೆ. ಸಿಬಿಎಸ್‌ಇ ಮಕ್ಕಳಿಗೆ ಏಪ್ರಿಲ್‌ನಲ್ಲಿ ಹೊಸ ಕ್ಲಾಸೇ ಶುರುವಾಗಿರುತ್ತದೆ. ಇವರಿಗೆ ರಜೆ ಇದ್ದಾಗ ಅವರಿಗೆ ಹೋಮ್‌ವರ್ಕು. ಅವರಿಗೆ ರಜೆ ಬರುವ ಹೊತ್ತಿಗೆ ಇವರು ಅಜ್ಜಿ ಊರಿನಲ್ಲಿ ಮಾವಿನಹಣ್ಣು ತಿನ್ನುತ್ತಿರುತ್ತಾರೆ.

ಇಷ್ಟೆಲ್ಲದರ ನಡುವೆ ನಿಜವಾದ ಗಿರಾಕಿ ಅಂತ ಒಬ್ಬರು ಸಿಕ್ಕಿದರು. ಹಿಂದಿನ ಬೀದಿಯವರು. ಒಳಗೆ ಕರೆದು, ಮಜ್ಜಿಗೆ ಕೊಟ್ಟು, "ಫೀಸು ಎಷ್ಟು ಇಟ್ಟಿದ್ದೀರಿ?" ಅಂದರು. "ಇನ್ನೂ ಯೋಚನೆ ಅಷ್ಟೇ ರೀ. 15 ದಿನಕ್ಕೆ 3,000 ಅಂತ" ಅಂದೆ. ಅವರು ನನ್ನ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು, ನನ್ನದೇ ಪೆನ್ನು ತೆಗೆದುಕೊಂಡರು.

"ತಿಂಡಿ ಕೊಡ್ತೀರಾ? ನಮ್ಮ ಹುಡುಗ ಹೊರಗಡೆ ಏನೂ ತಿನ್ನಲ್ಲ. ಮುನ್ನೂರು ತೆಗೀರಿ." ತೆಗೆದರು.

"ಡ್ರಾಯಿಂಗ್ ಅವನಿಗೆ ಆಗಲ್ಲ. ಅದರದ್ದು ಐನೂರು."

"ಡ್ರಾಯಿಂಗ್ ಹೊತ್ತಲ್ಲಿ ಅವನು ಏನು ಮಾಡ್ತಾನೆ?"

"ಸುಮ್ನೆ ಕೂತಿರ್ತಾನೆ ಬಿಡಿ. ಆಮೇಲೆ ನಾವು ಧರ್ಮಸ್ಥಳ, ಸುಬ್ರಹ್ಮಣ್ಯ ಹೋಗ್ತೀವಿ, ಐದು ದಿನ ಬರಲ್ಲ." 2,200 ಇದ್ದದ್ದು 1,400 ಆಯಿತು. ಒಂದೇ ಬಡಾವಣೆಯವರು ಅಂತ ಇನ್ನೂರು ಹೋಯಿತು. ಟೀ ಶರ್ಟ್ ಬೇಡ, ಮನೆಯಲ್ಲಿ ರಾಶಿ ಬಿದ್ದಿದೆ ಅಂತ ಮುನ್ನೂರು. 900ಕ್ಕೆ ನಿಂತಾಗ ಒಳಗಿನಿಂದ ಆ ಹುಡುಗ ಬಂದು ಟೀ ಶರ್ಟ್ ಬೇಕೇ ಬೇಕು ಅಂತ ಹಠ ಹಿಡಿದ. "ನೋಡಿ ಪಾಪ, ಮಗು ಕೇಳ್ತಿದೆ. ಅದೊಂದು ಹಾಗೇ ಕೊಟ್ಟುಬಿಡಿ" ಅಂದರು. ಅವನ ತಂಗಿ ಜೊತೆಗೆ ಬರುವಳಂತೆ. ಚಿಕ್ಕವಳು, ಜಾಗ ಜಾಸ್ತಿ ಬೇಕಾಗಿಲ್ಲ, ಅವಳಿಗೆ ಫೀಸು ಯಾಕೆ?

ಇಂದು ಬೆಳಗ್ಗೆ ಹಾಲಿನ ಬೂತಿನಲ್ಲಿ ಸಿಕ್ಕಿದರು. "ಆ ಒಂಬೈನೂರು ಎರಡು ಕಂತಲ್ಲಿ ಕೊಡಬಹುದಾ?" ಅಂತ ಎಲ್ಲರ ಮುಂದೆ ಕೇಳಿದರು. ಸುತ್ತ ನಿಂತವರೆಲ್ಲ ನನ್ನನ್ನು ಮೀಟರ್ ಬಡ್ಡಿಯವಳ ಹಾಗೆ ನೋಡಿದರು.

ಚೌಕಾಸಿ ಮಾಡದವರೂ ಇದ್ದರು. ಅವರೆಲ್ಲ ಆಫೀಸಿಗೆ ಹೋಗುವ ತಾಯಂದಿರು. ಏನು ಕಲಿಸುತ್ತೀರಿ ಅಂತ ಅವರು ಒಬ್ಬರೂ ಕೇಳಲಿಲ್ಲ. ಕೇಳಿದ್ದು, "ಸಂಜೆ ಆರರವರೆಗೆ ಇಟ್ಕೊಳ್ತೀರಾ?" ಮೇ ಕೊನೆಯವರೆಗೆ ಅಂದರೆ ಹತ್ತಿರ ಹತ್ತಿರ 50 ದಿನದ ರಜೆ. ಅಪ್ಪ ಅಮ್ಮನಿಗೆ ಅಷ್ಟು ರಜೆ ಯಾರು ಕೊಡುತ್ತಾರೆ? ಮಗುವನ್ನು ಮೊಬೈಲಿನ ಜೊತೆ ಬಿಟ್ಟು ಬೀಗ ಹಾಕಿಕೊಂಡು ಹೋಗಬೇಕು. ನಮ್ಮನ್ನು ರಿಸಲ್ಟಿನ ಮಾರನೇ ದಿನವೇ ಕೆಂಪು ಬಸ್ಸು ಹತ್ತಿಸುತ್ತಿದ್ದರು. ಅಜ್ಜಿ ಮನೆಯಲ್ಲಿ ನಮಗಿದ್ದ ಒಂದೇ ಕೆಲಸ ಸಂಡಿಗೆ ಕಾಯುವುದು. ಕಾಗೆಗಿಂತ ನಾವೇ ಜಾಸ್ತಿ ತಿನ್ನುತ್ತಿದ್ದೆವು, ಹಸಿಹಸಿಯಾಗಿ, ಬೆರಳಿಗೆ ಅಂಟಿಕೊಂಡದ್ದನ್ನೂ ಬಿಡದೆ. ಈಗ ಆ ಮನೆ ಮಾರಿಹೋಗಿದೆ. ಗೇಟಿನ ಮೇಲೆ ಕೂತು ಜೀಕುತ್ತಿದ್ದ ಪಕ್ಕದ ಮನೆ ಹುಡುಗನನ್ನು, "ಕ್ಯಾಂಪಲ್ಲಿ ಏನಿದ್ರೆ ಬರ್ತೀಯೋ?" ಅಂತ ಕೇಳಿದೆ. "ಏನೂ ಕಲಿಸದೇ ಇದ್ರೆ ಬರ್ತೀನಿ ಆಂಟಿ" ಅಂದ. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ರಿಸರ್ಚ್ ಅಂದರೆ ಏನು ಅಂತ ತೋರಿಸಿದವರು ಎದುರುಮನೆಯ ಅಬ್ಯಾಕಸ್ ಮೇಡಂ. ನಾನು ಊರೆಲ್ಲ ಸುತ್ತುತ್ತಿದ್ದಾಗ ಅವರು ಸೀದಾ ನಮ್ಮ ಮನೆಗೇ ಬಂದು, ನಮ್ಮ ಯಜಮಾನರ ಹತ್ತಿರ ಮಾತು ಮುಗಿಸಿದ್ದಾರೆ. ಅವರ ಮನೆಯಲ್ಲಿ ಜಾಗ ಸಾಲುತ್ತಿಲ್ಲವಂತೆ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಟೆರೇಸು ಅವರಿಗೆ ಬಾಡಿಗೆ. ನಮ್ಮ ಮಗನೂ ಅಲ್ಲೇ ಅಬ್ಯಾಕಸ್ ಕಲಿಯುತ್ತಾನೆ, ಅವನ ಫೀಸು ಬಾಡಿಗೆಯಲ್ಲಿ ವಜಾ. ಶೀಟು ಕಾಯುವುದರಿಂದ ಎರಡು ಫ್ಯಾನು ಹಾಕಿಸಬೇಕು. ಅದರ ಖರ್ಚು ನಮ್ಮದಂತೆ.