ಎಲ್ಲವನ್ನೂ ಮಗುವೇ ಮಾಡಬೇಕು, ಫೋಟೋ ಕಡ್ಡಾಯ

ರಾತ್ರಿ ಒಂಬತ್ತೂಕಾಲಿಗೆ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಸುತ್ತೋಲೆ ಬೀಳುತ್ತದೆ. ಸೋಮವಾರದಿಂದ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ‘ಮಾಡಿ ಕಲಿ ಸಪ್ತಾಹ’. ತರಬೇಕಾದದ್ದು: ಥರ್ಮಾಕೋಲ್ ಶೀಟು ಎರಡು, ಪಿಒಪಿ ಒಂದು ಕೆ.ಜಿ., ಅಡುಗೆ ಸೋಡಾ, ವಿನೆಗರ್, ಮೊಳಕೆ ಬಂದ ಹೆಸರುಕಾಳು, ಪಂಚೆ. ಸೋಮವಾರ ಅಂದರೆ ನಾಳೆ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಎಲ್ಲವನ್ನೂ ಮಗುವೇ ಮಾಡಬೇಕು, ಪೋಷಕರು ಸಹಾಯ ಮಾಡುವಂತಿಲ್ಲ, ಫೋಟೋ ಕಡ್ಡಾಯ. ಒಂಬತ್ತೂವರೆಗೆ ಬಡಾವಣೆಯ ಸ್ಟೇಷನರಿ ಅಂಗಡಿಯ ಮುಂದೆ ಅಪ್ಪಂದಿರ ಕ್ಯೂ. ಮಕ್ಕಳು ಮನೆಯಲ್ಲಿ ಮಲಗಿರುತ್ತಾರೆ. ಬೆಳಗ್ಗೆ ಬೇಗ ಏಳಬೇಕಲ್ಲ, ಪಾಪ.

ಅಂಗಡಿಯವರು ಪಟ್ಟಿ ಕೇಳುವುದೇ ಇಲ್ಲ. ‘ಎಷ್ಟನೇ ಕ್ಲಾಸು ಸಾರ್? ಆರಾ? ಹಂಗಾದ್ರೆ ಜ್ವಾಲಾಮುಖಿ. ಏಳಕ್ಕೆ ಮಳೆನೀರು, ಎಂಟಕ್ಕೆ ಹಾರ್ಟು. ಕಿಟ್ ಸಾಕಾ, ರೆಡಿ ಕೊಡ್ಲಾ?’ ರೆಡಿ ಮಾಲಿನಲ್ಲಿ ಎರಡು ದರ್ಜೆ. ಒಂದು ನೀಟಾಗಿರುವುದು. ಇನ್ನೊಂದು ಮಗು ಮಾಡಿದ ಹಾಗೆ ಸ್ವಲ್ಪ ಸೊಟ್ಟಗಿರುವುದು. ಸೊಟ್ಟಗಿರುವುದಕ್ಕೆ ರೇಟು ಜಾಸ್ತಿ, ಅದರಲ್ಲಿ ಕೈಕೆಲಸ ಹೆಚ್ಚು.

ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಆದರೆ ಶಾಲೆಯಲ್ಲಿರುವುದು ಅಲಂಕಾರವಲ್ಲ, ಜ್ಞಾನ. ಆದ್ದರಿಂದ ‘ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ’ ಎಂಬ ಅಕ್ಷರಗಳನ್ನು ಥರ್ಮಾಕೋಲಿನಲ್ಲೇ ಕತ್ತರಿಸಿ ಗೇಟಿಗೆ ಅಂಟಿಸಲಾಗುತ್ತದೆ. ಕತ್ತರಿಸುವ ಅಪ್ಪಂದಿರಿಗೆ ಎರಡು ಮಾತು. ಸ್ಪ್ರೇ ಪೇಂಟ್ ಹೊಡೆಯಬೇಡಿ, ಅದರಲ್ಲಿರುವ ದ್ರಾವಕಕ್ಕೆ ಥರ್ಮಾಕೋಲ್ ಕರಗಿ, ರಾತ್ರಿ ಹನ್ನೊಂದಕ್ಕೆ ಹಿಮಾಲಯ ಹೋಗಿ ತೂತುಬಿದ್ದ ಇಡ್ಲಿಯಾಗಿರುತ್ತದೆ. ಕ್ಷಣದಲ್ಲಿ ಅಂಟುವ ಗಮ್ಮಿನದೂ ಅದೇ ಕಥೆ. ಬಿಳಿ ಗಮ್ಮು ಥರ್ಮಾಕೋಲನ್ನು ತಿನ್ನುವುದಿಲ್ಲ, ಆದರೆ ಅದರ ನೀರು ಆರಿದರೆ ಮಾತ್ರ ಹಿಡಿಯುತ್ತದೆ. ಎರಡು ಶೀಟಿನ ನಡುವೆ ಗಾಳಿಯೇ ಆಡುವುದಿಲ್ಲವಾದ್ದರಿಂದ ಬೆಳಗಾದರೂ ಒಳಗೆ ಹಸಿಯಾಗೇ ಇರುತ್ತದೆ. ಸ್ಕೂಲ್ ವ್ಯಾನು ಮೊದಲ ಹಂಪ್ ಹತ್ತಿದಾಗ ಬೆಟ್ಟ ಎರಡು ಭಾಗವಾಗುವುದು ಇದೇ ಕಾರಣಕ್ಕೆ. ಅಲ್ಲಲ್ಲಿ ಟೂತ್‌ಪಿಕ್ ಚುಚ್ಚಿದರೆ ನಿಲ್ಲುತ್ತದೆ. ಪಿಒಪಿ ಕಲಸಿದ ಹತ್ತು ಹದಿನೈದು ನಿಮಿಷಕ್ಕೆ ಗಟ್ಟಿಯಾಗುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ. ಮಿಕ್ಕಿದ್ದನ್ನು ಸಿಂಕಿಗೆ ಸುರಿದರೆ ಅದು ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ. ಪ್ಲಂಬರ್ ಕರೆಸಬೇಕಾದ ಆ ಚಟುವಟಿಕೆಗೆ ಅಂಕವಿಲ್ಲ.

ಈಗ ಸ್ಫೋಟ. ಗುಂಪಿನಲ್ಲಿ ಬಂದ ಅಳತೆ: ಸೋಡಾ ನಾಲ್ಕು ದೊಡ್ಡ ಚಮಚ, ವಿನೆಗರ್ ಅರ್ಧ ಲೋಟ. ಹೀಗೆ ಸುರಿದರೆ ಮುಕ್ಕಾಲುಪಾಲಿಗಿಂತ ಹೆಚ್ಚು ಸೋಡಾ ಸುಮ್ಮನೆ ತಳದಲ್ಲಿ ಕೂತಿರುತ್ತದೆ. ಅಂಗಡಿಯ ವಿನೆಗರ್‌ನಲ್ಲಿ ಆಮ್ಲ ಇರುವುದೇ ಸುಮಾರು ಶೇ 4ರಷ್ಟು. ಒಂದು ಟೀ ಚಮಚ, ಅಂದರೆ 5 ಗ್ರಾಂ ಸೋಡಾ ಪೂರ್ತಿ ಕರಗಿ ಗ್ಯಾಸಾಗಲು ಅಂಥ ವಿನೆಗರ್ 90 ಮಿ.ಲೀ. ಬೇಕು. ಅದಕ್ಕಿಂತ ಹೆಚ್ಚು ಸೋಡಾ ಹಾಕಿದರೆ ನೊರೆಯೇನೂ ಹೆಚ್ಚುವುದಿಲ್ಲ. ಸೋಡಾ ಬದಲು ಬೇಕಿಂಗ್ ಪೌಡರ್ ಕಟ್ಟಿ ಕಳಿಸಿದ್ದರೆ ಸ್ಫೋಟದ ಬದಲು ನಿಟ್ಟುಸಿರು ಬರುತ್ತದೆ, ಆ ಪುಡಿಯಲ್ಲಿ ಸೋಡಾ ಒಂದು ಪಾಲು ಮಾತ್ರ. ನೊರೆ ಮೇಲಕ್ಕೆ ಚಿಮ್ಮಬೇಕಾದರೆ ಒಳಗಿಡುವ ಬಾಟಲಿಯ ಬಾಯಿ ಕಿರಿದಾಗಿರಬೇಕು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ಡೂ ಬೇಕು.

ಅರ್ಧ ಟೀ ಚಮಚ, ಒಂದು, ಎರಡು, ನಾಲ್ಕು ಎಂದು ಸೋಡಾ ಬದಲಿಸುತ್ತ, ವಿನೆಗರ್ ಮಾತ್ರ ಅದೇ 90 ಮಿ.ಲೀ. ಇಟ್ಟು, ಉದ್ದದ ಲೋಟದಲ್ಲಿ ನೊರೆ ಎಷ್ಟು ಸೆಂಟಿಮೀಟರ್ ಏರಿತೆಂದು ಸ್ಕೇಲಿನಲ್ಲಿ ಅಳೆದರೆ, ಒಂದು ಚಮಚದಾಚೆ ಏಕೆ ಏರುತ್ತಿಲ್ಲ ಎಂಬ ಪ್ರಶ್ನೆ ಆರನೇ ತರಗತಿಯ ಹುಡುಗಿಗೆ ತಾನಾಗಿಯೇ ಬರುತ್ತದೆ. ಆದರೆ ಇದಕ್ಕೆ ಬೆಟ್ಟ ಬೇಡ, ಪಿಒಪಿ ಬೇಡ, ಫೋಟೋದಲ್ಲಿ ನಾಲ್ಕು ಲೋಟ ಮಾತ್ರ ಕಾಣುತ್ತದೆ. ಕೈಬಿಡಲಾಗಿದೆ. ಅದರ ಬದಲು ಮೂವತ್ತೆಂಟು ಜ್ವಾಲಾಮುಖಿಗಳು ಸಾಲಾಗಿ ನಿಂತು ಮುಖ್ಯ ಅತಿಥಿಗಳಿಗಾಗಿ ಕಾಯುತ್ತವೆ. ಮಕ್ಕಳು ಉರು ಹೊಡೆದ ನಾಲ್ಕು ವಾಕ್ಯ ಒಪ್ಪಿಸುತ್ತಾರೆ. ‘ನಿಜವಾದ ಜ್ವಾಲಾಮುಖಿಯಲ್ಲೂ ಸೋಡಾ ಇರುತ್ತಾ ಪುಟ್ಟಾ?’ ಎಂದು ಅತಿಥಿಗಳು ಕೇಳಿಬಿಟ್ಟರೆ ಪುಟ್ಟ ಅಪ್ಪನ ಮುಖ ನೋಡುತ್ತಾನೆ, ಅಪ್ಪ ಮಿಸ್ ಮುಖ ನೋಡುತ್ತಾನೆ. ಮಿಸ್ ಯಾರ ಮುಖವನ್ನೂ ನೋಡುವುದಿಲ್ಲ, ಅಪ್‌ಲೋಡ್ ಮಾಡಬೇಕಾದ ಇನ್ನೂರು ಫೋಟೋ ಅವರ ಫೋನಿನಲ್ಲಿವೆ. ನೊರೆಯನ್ನೇ ತೋರಿಸಬೇಕಿದ್ದರೆ ಇಷ್ಟು ಕಷ್ಟವೂ ಬೇಕಿರಲಿಲ್ಲ. ಚರಂಡಿ ನೀರಿನ ಜತೆ ಬಂದ ಸೋಪಿನ ಅಂಶ ಕೋಡಿಯಲ್ಲಿ ಧುಮುಕಿದಾಗ ಏನಾಗುತ್ತದೆಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ 2015ರಲ್ಲೇ ಇಡೀ ಊರಿಗೆ ಪ್ರಾತ್ಯಕ್ಷಿಕೆ ಕೊಟ್ಟಿದೆ, ವಿನೆಗರ್ ಇಲ್ಲದೆ.

ಮಂಗಳವಾರ ಬ್ಯಾಗ್ ರಹಿತ ದಿನ. ಇದು ಶಾಲೆಯ ತಲೆಯಿಂದ ಬಂದದ್ದಲ್ಲ. 6ರಿಂದ 8ನೇ ತರಗತಿಯ ಮಕ್ಕಳ ಬ್ಯಾಗು 3ರಿಂದ 4 ಕೆ.ಜಿ. ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದೇ ವಯಸ್ಸಿನವರಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕೆಲಸ ಕಲಿಯಲು ಹೇಳಿದೆ. ಒಳ್ಳೆಯ ಮಾತು. ಮಕ್ಕಳು ಬ್ಯಾಗಿಲ್ಲದೆಯೇ ಬರುತ್ತಾರೆ: ಒಂದು ಕೈಯಲ್ಲಿ ಬಣ್ಣದ ಬಾಟಲಿಗಳ ಕವರು, ಇನ್ನೊಂದರಲ್ಲಿ ಟಿಫಿನ್ನು, ಹೆಗಲಿಗೆ ನೀರಿನ ಬಾಟಲಿ, ಕಂಕುಳಲ್ಲಿ ಚಾರ್ಟು, ಹಿಂದೆ ಬೆಟ್ಟ ಹೊತ್ತ ಅಜ್ಜ. ತೂಗಿ ನೋಡಿದರೆ ಬ್ಯಾಗೇ ವಾಸಿ, ಅದಕ್ಕೆ ಎರಡು ಪಟ್ಟಿಯಾದರೂ ಇರುತ್ತದೆ.

ಅಂದು ಕುಂಬಾರರ ಬಡಾವಣೆಯಾದ ಪಾಟರಿ ಟೌನ್‌ಗೆ ಭೇಟಿ. ನಲವತ್ತು ಮಕ್ಕಳು, ತಿರುಗುವ ಚಕ್ರ ಒಂದು, ಟ್ರಾಫಿಕ್ ಕಳೆದು ಕೈಯಲ್ಲಿ ಉಳಿದದ್ದು ನಲವತ್ತು ನಿಮಿಷ. ತಲೆಗೊಂದು ನಿಮಿಷ. ಚಕ್ರದ ಮೇಲೆ ಮಣ್ಣಿನ ಮುದ್ದೆಯನ್ನು ಅಲುಗಾಡದಂತೆ ಸರಿ ಮಧ್ಯಕ್ಕೆ ಕೂರಿಸುವುದೇ ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟ. ಅದು ಕೈಗೆ ಬರಲು ವಾರಗಟ್ಟಲೆ ಬೇಕು, ಬಾರದೆ ಗೋಡೆ ಎತ್ತಿದರೆ ಮಡಕೆ ಒಂದು ಕಡೆ ವಾಲಿ ಕುಸಿಯುತ್ತದೆ. ಆದ್ದರಿಂದ ಕುಂಬಾರರು ತಾವೇ ಮಡಕೆ ಎತ್ತುತ್ತಾರೆ, ಮಗು ಅದರ ಅಂಚಿಗೆ ಎರಡು ಬೆರಳು ತಾಗಿಸುತ್ತದೆ, ಕ್ಲಿಕ್. ಮಡಕೆಯನ್ನು ಮನೆಗೆ ಒಯ್ಯುವಂತಿಲ್ಲ. ನೆರಳಲ್ಲಿ ದಿನಗಟ್ಟಲೆ ಒಣಗದೆ ಸುಟ್ಟರೆ ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ, ಸುಡದೆ ಇಟ್ಟರೆ ನೀರು ಬಿದ್ದಾಗ ಮತ್ತೆ ಮಣ್ಣೇ. ಶಾಲೆಯ ಪರಿಹಾರ ಸರಳ: ಮೊದಲೇ ಬಣ್ಣ ಬಳಿದ ಹಣತೆಗಳನ್ನು ಸಗಟಿಗೆ ತಂದು ‘ನಾನೇ ಮಾಡಿದೆ’ ಎಂಬ ಸ್ಟಿಕ್ಕರ್ ಅಂಟಿಸಿ ಹಂಚುವುದು. ಸ್ಟಿಕ್ಕರ್ ಅಂಟಿಸಿದ್ದು ಮಾತ್ರ ಮಕ್ಕಳೇ, ಅದನ್ನು ಒಪ್ಪಲೇಬೇಕು.

ಬುಧವಾರ ಮೊಳಕೆ. ಹೆಸರುಕಾಳು ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮಾರನೇ ದಿನ ಬಾಲ ಬರುತ್ತದೆ, ಒಂದು ವಾರದಲ್ಲಿ ಗೇಣುದ್ದ ಗಿಡ. ಸಪ್ತಾಹಕ್ಕೆ ಅಳತೆ ಮಾಡಿ ಹೊಲಿಸಿದಂಥ ಚಟುವಟಿಕೆ, ದಿನಾ ಅಳೆದು ಬರೆದರಾಯಿತು. ಆದರೆ ಮೊಳಕೆ ಮೊದಲ ದಿನವೇ ತರಬೇಕೆಂದು ಸುತ್ತೋಲೆ ಹೇಳಿದ್ದರಿಂದ ಎಲ್ಲರೂ ತರಕಾರಿ ಅಂಗಡಿಯ ಪ್ಯಾಕೆಟ್ಟೇ ತಂದಿದ್ದಾರೆ. ಬುಧವಾರದ ಹೊತ್ತಿಗೆ ಹತ್ತಿಯ ಮೇಲೆ ನೀರು ಸುರಿದೂ ಸುರಿದೂ ಕಾಳು ಉಸಿರುಗಟ್ಟಿ ಕೊಳೆತು ಕ್ಲಾಸೆಲ್ಲ ವಾಸನೆ. ಬೀಜಕ್ಕೆ ನೀರಿನಷ್ಟೇ ಗಾಳಿಯೂ ಬೇಕೆಂಬ ಪಾಠ ಅಲ್ಲೇ ನಾರುತ್ತ ಕೂತಿದೆ. ಆಯಮ್ಮ ಬಂದು ಅದನ್ನು ಎತ್ತಿಕೊಂಡು ಹೋದರು.

ಗುರುವಾರ ‘ಬೆಂಕಿ ಇಲ್ಲದ ಅಡುಗೆ’. ಸುರಕ್ಷತೆಯ ದೃಷ್ಟಿಯಿಂದ ಬೆಂಕಿ ಇಲ್ಲ, ಚಾಕು ಇಲ್ಲ, ತುರಿಮಣೆಯೂ ಇಲ್ಲ. ಉಳಿದದ್ದು ಕೋಸಂಬರಿ. ಅದರ ಕ್ರಮ ಹೀಗೆ. ಅಮ್ಮ ಐದಕ್ಕೆ ಎದ್ದು ಒಂದು ಲೋಟ ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿಯುತ್ತಾಳೆ. ಅಪ್ಪ ಸೌತೆಕಾಯಿ ಹೆಚ್ಚುತ್ತಾನೆ. ಅಜ್ಜಿ ಅರ್ಧ ಹೋಳು ಕಾಯಿ ತುರಿಯುತ್ತಾರೆ. ನಿಂಬೆರಸ ಕೆಮ್ಮಿನ ಸಿರಪ್ಪಿನ ತೊಳೆದ ಬಾಟಲಿಗೆ. ಇನ್ನು ಒಗ್ಗರಣೆ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಚಟಪಟ ಅನ್ನದೆ ಕೋಸಂಬರಿ ಎಂದು ಯಾರು ಒಪ್ಪುತ್ತಾರೆ? ಹಾಗಾಗಿ ಒಗ್ಗರಣೆಯನ್ನು ಮನೆಯಲ್ಲೇ, ಗ್ಯಾಸಿನ ಮೇಲೆ, ಸಾಕಷ್ಟು ಬೆಂಕಿಯಲ್ಲಿ ಹಾಕಿ, ಕುಂಕುಮದ ಭರಣಿಯಷ್ಟು ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಕಳಿಸಲಾಗುತ್ತದೆ. ಹನ್ನೊಂದಕ್ಕೆ ಮಗು ಗ್ಲೌಸು, ಏಪ್ರನ್ನು, ಕಾಗದದ ಟೋಪಿ ಧರಿಸಿ ಐದು ಡಬ್ಬಿಗಳನ್ನು ಒಂದಕ್ಕೆ ಸುರಿಯುತ್ತದೆ. ತೀರ್ಪುಗಾರರು ಬರುವುದು ಹನ್ನೆರಡೂವರೆಗೆ. ಉಪ್ಪನ್ನು ಬಡಿಸುವಾಗ ಹಾಕಬೇಕೆಂದು ಅಜ್ಜಿ ಚೀಟಿ ಬರೆದಿಟ್ಟಿದ್ದರು, ಚೀಟಿ ಬೇಳೆಯೊಳಗೆ ಸಿಕ್ಕಿತು. ಮೊದಲೇ ಬಿದ್ದ ಉಪ್ಪಿಗೆ ಸೌತೆಕಾಯಿ ನೀರು ಬಿಟ್ಟು ತೀರ್ಪುಗಾರರಿಗೆ ಸಿಕ್ಕಿದ್ದು ಸೂಪು. ಅದಕ್ಕೆ ‘ನವೀನತೆ’ ವಿಭಾಗದಲ್ಲಿ ಬಹುಮಾನ ಬಂತು.

ಶುಕ್ರವಾರ ಮಳೆನೀರು ಕೊಯ್ಲು. ಏಳನೇ ತರಗತಿಯ ಮಾದರಿಯಲ್ಲಿ ಕೆಂಪು ಹೆಂಚು, ನೀಲಿ ಸ್ಟ್ರಾ, ಹತ್ತಿಯ ಮೋಡ, ತಳದಲ್ಲಿ ಸಂಪು, ಎಲ್ಲವೂ ಇವೆ. ಇಲ್ಲದ್ದು ಒಂದೇ: ವರ್ಷದ ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವಾಲ್ವು. ಸ್ಟೇಷನರಿ ಅಂಗಡಿಯ ಕಿಟ್ಟಿನಲ್ಲಿ ಅದು ಬರುವುದಿಲ್ಲ. ಅತಿಥಿಗಳು ಮಗ್ಗಿನಿಂದ ನೀರು ಸುರಿದರು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ನಿಜವಾದ ಮಳೆಯೂ ಬಂತು. ಶಾಲೆಯ ಟೆರೇಸಿನ ನಾಲ್ಕಿಂಚಿನ ಪೈಪು ತನ್ನ ಪಾಡಿಗೆ ತಾನು ಅಷ್ಟೂ ನೀರನ್ನು ಗೇಟಿನ ಮುಂದಿನ ರಸ್ತೆಗೆ ಬಿಟ್ಟಿತು. ಬೆಂಗಳೂರಿನಲ್ಲಿ 60x40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆ ಕಟ್ಟಡಗಳಿಗೂ ಮಳೆನೀರು ಕೊಯ್ಲು 2009ರ ಕಾಯ್ದೆ ತಿದ್ದುಪಡಿಯಿಂದಲೇ ಕಡ್ಡಾಯ. ಶಾಲೆ ಅದನ್ನು ಪಾಲಿಸಿದೆಯಲ್ಲ, ಥರ್ಮಾಕೋಲಿನಲ್ಲಿ!

ಲೆಕ್ಕ ಮಕ್ಕಳಿಗೆ ಬಾರದ್ದೇನಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಮೀಟರ್ ಟೆರೇಸಿಗೆ 20 ಮಿ.ಮೀ. ಬಿದ್ದರೆ 20,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟವೆಂದು ಬಿಟ್ಟರೂ 16,000. ಅಂದರೆ 12,000 ಲೀಟರಿನ ಒಂದು ಟ್ಯಾಂಕರ್ ತುಂಬಿ ಮೇಲೆ ನಾಲ್ಕು ಸಾವಿರ. ಮಳೆ ಅಳೆಯಲು ಬೇಕಾದ್ದು ಎರಡು ಲೀಟರಿನ ಖಾಲಿ ಬಾಟಲಿ: ಭುಜ ಇಳಿಯುವಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿ, ಉಬ್ಬುತಗ್ಗಿನ ತಳವನ್ನು ಬೆಣಚುಕಲ್ಲು ಮತ್ತು ನೀರಿನಿಂದ ಸಮ ಮಾಡಿ, ಅಲ್ಲಿಂದ ಸೊನ್ನೆ ಹಿಡಿದು ಸ್ಕೇಲು ಅಂಟಿಸಿದರೆ ಮುಗಿಯಿತು. ಏಳನೇ ತರಗತಿಯ ಒಬ್ಬ ಹುಡುಗ ಇದನ್ನೇ ಮಾಡಿ ತಂದು, ಟೆರೇಸಿನ ಬೀಗದ ಕೈ ಕೇಳಿದ. ಟೆರೇಸಿಗೆ ಮಕ್ಕಳಿಗೆ ಪ್ರವೇಶವಿಲ್ಲ. ಬಾಟಲಿ ಚೆನ್ನಾಗಿ ಕಾಣುತ್ತಿಲ್ಲವೆಂದು ಪ್ರದರ್ಶನದ ಮೇಜಿನ ಕೆಳಗಿಟ್ಟರು. ಗೇಟಿನ ಹೊರಗೆ ಅದೇ ಹೊತ್ತಿಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು.

ಎಂಟನೇ ತರಗತಿಯ ರೋಬೋಟ್ ವಿಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಸ್.ಪಿ. ರೋಡಿನಿಂದ ತಂದ ಎಲ್‌ಇಡಿಗಳನ್ನು, ಕರೆಂಟು ತಗ್ಗಿಸುವ ರೆಸಿಸ್ಟರ್ ಇಲ್ಲದೆ, ನೇರ 9 ವೋಲ್ಟ್ ಬ್ಯಾಟರಿಗೆ ಕೊಟ್ಟಿದ್ದರಿಂದ ರೋಬೋಟಿನ ಎರಡೂ ಕಣ್ಣು ಉದ್ಘಾಟನೆಗೆ ಮೊದಲೇ ಹೋದವು. 470 ಓಮ್‌ನದು ಒಂದೊಂದು ಸಾಕಿತ್ತು. ಮಾಡಿದ ಮಾವನಿಗೆ ಗೊತ್ತಿರಲಿಲ್ಲ.

ಶನಿವಾರ ಮೌಲ್ಯಮಾಪನ. ನಮೂನೆಯಲ್ಲಿ ‘ಮಗುವಿನ ಸ್ವಂತ ಪ್ರಯತ್ನ’ಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ, ಪೋಷಕರ ಸಹಿ ಕೆಳಗೆ. ಎಲ್ಲರಿಗೂ ಒಂಬತ್ತು. ಮೇಜಿನ ಕೆಳಗಿನ ಬಾಟಲಿಗೆ ಆರು, ‘ಅಂದಗಾರಿಕೆ ಸಾಲದು’.

ಭಾನುವಾರ ಬೆಳಗ್ಗೆ ಕಸದ ಗಾಡಿ ಬಂದಾಗ ಜ್ವಾಲಾಮುಖಿಗಳ ಮೆರವಣಿಗೆ ಹೊರಡುತ್ತದೆ. ಪೌರಕಾರ್ಮಿಕ ಮಹಿಳೆ ಒಂದನ್ನು ತಿರುಗಿಸಿ ನೋಡಿ, ‘ಇದು ಹಸೀಗೂ ಬರಲ್ಲ, ಒಣಕ್ಕೂ ಬರಲ್ಲ ಸಾರ್. ಪ್ಲಾಸ್ಟರ್ ಬೇರೆ, ಥರ್ಮಾಕೋಲ್ ಬೇರೆ ಬಿಡಿಸ್ಕೊಂಡು ಬನ್ನಿ’ ಎಂದು ವಾಪಸ್ ಕೊಡುತ್ತಾರೆ. ಸಪ್ತಾಹದಲ್ಲಿ ವಸ್ತುಗಳ ವರ್ಗೀಕರಣವನ್ನು ಸರಿಯಾಗಿ ಹೇಳಿಕೊಟ್ಟವರು ಇವರೊಬ್ಬರೇ. ಬಿಡಿಸಲು ಹೋದರೆ ಬರುವುದಿಲ್ಲ, ಟೂತ್‌ಪಿಕ್ ಈಗ ಚೆನ್ನಾಗಿ ಹಿಡಿದಿದೆ. ಹಾಗಾಗಿ ಸಂಜೆ ಅಪಾರ್ಟ್‌ಮೆಂಟಿನ ಮಾರಾಟದ ಗುಂಪಿನಲ್ಲಿ ಫೋಟೋ ಸಮೇತ ಜಾಹೀರಾತು ಬರುತ್ತದೆ: ‘ಜ್ವಾಲಾಮುಖಿ ಮಾರಾಟಕ್ಕಿದೆ. ಒಂದೇ ಸಲ ಸಿಡಿದಿದೆ. ಬುಡದಲ್ಲಿ ಕೆಂಪು ಸ್ವಲ್ಪ ಹೋಗಿದೆ. ಬಿ ಬ್ಲಾಕಿಗೆ ಬಂದು ಒಯ್ಯಬೇಕು.’ ಎರಡು ನಿಮಿಷದಲ್ಲಿ ಎ ಬ್ಲಾಕಿನಿಂದ ಉತ್ತರ: ‘ಲಾಸ್ಟ್ ಪ್ರೈಸ್ ಎಷ್ಟು ಸಾರ್? ನಮ್ಮ ಸ್ಕೂಲಲ್ಲಿ ನಾಳೆಯಿಂದ.’