ಬಿಡಿಭಾಗದ ಮಾತೂ ಸಂಸತ್ತಿನ ಮುಂದೆ ಬರಲಿ

ಕಳೆದ ಸಂಕ್ರಾಂತಿಗೆ ಮಂಡ್ಯದ ಬಳಿಯ ನಮ್ಮ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಟ್ರ್ಯಾಕ್ಟರು ಕೊಟ್ಟಿಗೆಯ ಪಕ್ಕದಲ್ಲಿ 19 ದಿನಗಳಿಂದ ನಿಂತೇ ಇತ್ತು. ಹೈಡ್ರಾಲಿಕ್ ಪಂಪಿನ ಒಂದು ಭಾಗ ಬರಬೇಕಿತ್ತು. ಮಾರುವಾಗ ಮನೆಗೇ ಬಂದು ಹಾರ ಹಾಕಿಸಿ ಫೋಟೊ ತೆಗೆಸಿದ್ದವರು ಈಗ ಇವತ್ತು ನಾಳೆ ಎನ್ನುತ್ತಿದ್ದರು. ಕಡಿದ ಕಬ್ಬು ಗದ್ದೆಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತಿದ್ದುದರಿಂದ ಚಿಕ್ಕಪ್ಪ ಬಾಡಿಗೆ ಗಾಡಿ ಕಟ್ಟಿ ಆಲೆಮನೆಗೆ ಸಾಗಿಸುತ್ತಿದ್ದರು. ಆ ಸಂಜೆ, ನಾನಿರುವ ಊರಿನಲ್ಲಿ ಸೇನೆಯ ವಿಮಾನಗಳನ್ನು ರಿಪೇರಿ ಮಾಡುತ್ತಾರೆಂದು ಹೇಳಿದಾಗ ಅವರು ಕೇಳಿದರು: "ಅಲ್ಲ ಕಣಪ್ಪ, ಇಮಾನ ಮಾರ್ದೋರು ಅದುರ್ ಸ್ಪೇರ್ ಪಾರ್ಟ್ ಕೊಡಕ್ಕೂ ಸರ್ಕಾರುದ್ ಅಪ್ಪಣೆ ಕೇಳ್ಬೇಕಾ?"

ಕೇಳಲೇಬೇಕು. ಆ ಅಪ್ಪಣೆಯನ್ನು ಅಲ್ಲಿ ಹೇಗೆ ಕೊಡುತ್ತಾರೆ, ನಾವು ಹೇಗೆ ಕೊಡುತ್ತೇವೆ ಎಂಬ ಯೋಚನೆ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ.

ನಾನು ವಾಸವಾಗಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ನರ್ ರಾಬಿನ್ಸ್‌ನಲ್ಲಿ. ಇಲ್ಲಿನ ವಾಯುನೆಲೆಯಲ್ಲಿ ಅವರ ವಾಯುಪಡೆಯ ಸಿ-17, ಸಿ-130, ಸಿ-5 ಸಾಗಣೆ ವಿಮಾನಗಳನ್ನೂ ಎಫ್-15 ಯುದ್ಧವಿಮಾನಗಳನ್ನೂ ಬಿಚ್ಚಿ, ತುಕ್ಕು ನೋಡಿ, ಬಿರುಕು ಹುಡುಕಿ ಮತ್ತೆ ಜೋಡಿಸುವ ದೊಡ್ಡ ಓವರ್‌ಹಾಲ್ ಕೆಲಸ ನಡೆಯುತ್ತದೆ. ನಮ್ಮ ಬೀದಿಯಲ್ಲಿಯೇ ಆ ನೆಲೆಗೆ ದಿನವೂ ಕೆಲಸಕ್ಕೆ ಹೋಗುವವರಿದ್ದಾರೆ. ಭಾರತ ಕೊಂಡಿರುವ ಸಿ-130ಜೆ ವಿಮಾನಗಳು ತಯಾರಾಗುವುದು ಇದೇ ರಾಜ್ಯದ ಮರಿಯೆಟಾದಲ್ಲಿ. ಹೀಗಾಗಿ ವಾಷಿಂಗ್ಟನ್ನಿನಿಂದ ಹೊರಡುವ ಮಾರಾಟದ ಪ್ರಕಟಣೆಗಳನ್ನು ಓದುವುದು ನನಗೆ ಕ್ರಮೇಣ ಅಭ್ಯಾಸವಾಯಿತು.

ಅಲ್ಲಿಯ ಪದ್ಧತಿ ಹೀಗಿದೆ. ಬೇರೆ ದೇಶವೊಂದು ಬಿಡಿಭಾಗ, ತರಬೇತಿ ಅಥವಾ ತಾಂತ್ರಿಕ ನೆರವನ್ನು ಅಮೆರಿಕ ಸರ್ಕಾರದ ಮೂಲಕ ಕೊಳ್ಳಲು ಬಯಸಿದರೆ ಮೊದಲು ಕೋರಿಕೆ ಪತ್ರ ಬರೆಯಬೇಕು. ವಿದೇಶಾಂಗ ಇಲಾಖೆ ಒಪ್ಪಿದ ಮೇಲೆ, ಮೊತ್ತ ಕಾನೂನು ಹೇಳಿದ ಮಿತಿಯನ್ನು ಮೀರಿದ್ದರೆ, 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯಿದೆಯ ಪ್ರಕಾರ ಅದನ್ನು ಅವರ ಸಂಸತ್ತಿಗೆ ತಿಳಿಸಲೇಬೇಕು. ನ್ಯಾಟೊ ದೇಶಗಳಿಗೂ ಜಪಾನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳಿಗೂ ಮಾರುವುದಾದರೆ 15 ದಿನ, ಭಾರತದಂಥ ದೇಶಕ್ಕಾದರೆ 30 ದಿನ ಸಂಸತ್ತಿಗೆ ನೋಡಿ ಆಕ್ಷೇಪಿಸಲು ಕಾಲಾವಕಾಶವಿರುತ್ತದೆ. ಅಷ್ಟು ದಿನ ಕಳೆದ ಮೇಲೆಯೇ ಎರಡು ಸರ್ಕಾರಗಳು ಸಹಿ ಹಾಕುವ ಒಪ್ಪಿಗೆ ಪತ್ರ ಹೊರಡುತ್ತದೆ. ಕಂಪನಿಯೊಡನೆ ಗುತ್ತಿಗೆ ಮಾಡಿಕೊಳ್ಳುವುದು ಅಮೆರಿಕ ಸರ್ಕಾರವೇ. ಕೊಳ್ಳುವ ದೇಶ ಹಣವನ್ನು ಸರ್ಕಾರದ ನಿಧಿಗೆ ಕಟ್ಟುತ್ತದೆ. ಈ ಓಡಾಟದ ಖರ್ಚು ತನ್ನ ತೆರಿಗೆದಾರರ ಮೇಲೆ ಬೀಳಬಾರದೆಂದು 2018ರಿಂದ ಶೇ 3.2ರಷ್ಟು ಆಡಳಿತ ಶುಲ್ಕವನ್ನೂ ವಸೂಲು ಮಾಡುತ್ತಾರೆ.

ನನ್ನ ಮನಸ್ಸನ್ನು ಹಿಡಿದದ್ದು ಸಂಸತ್ತಿಗೆ ತಿಳಿಸುವಾಗ ಹೊರಡಿಸುವ ಒಂದೆರಡು ಪುಟದ ಪ್ರಕಟಣೆ. 2019ರ ಜುಲೈಯಲ್ಲಿ ಭಾರತದ ಸಿ-17 ವಿಮಾನಗಳ ಮುಂದಿನ ನಿರ್ವಹಣೆಗೆ 67 ಕೋಟಿ ಡಾಲರಿನವರೆಗಿನ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. 2020ರ ಅಕ್ಟೋಬರ್‌ನಲ್ಲಿ ಸಿ-130ಜೆ ವಿಮಾನಗಳಿಗಾಗಿ 9 ಕೋಟಿ ಡಾಲರಿನದು ಬಂತು. ಈ ಎರಡನೆಯದರ ಪಟ್ಟಿಯಲ್ಲಿ ಬೆಂಕಿ ಆರಿಸುವ ವ್ಯವಸ್ಥೆಯ ಕಾರ್ಟ್ರಿಜ್‌ಗಳಿಂದ ಹಿಡಿದು ಶತ್ರು ರಾಡಾರಿನ ಸುಳಿವು ಕೊಡುವ ಒಂದು ಹೆಚ್ಚುವರಿ ಉಪಕರಣ, ಕತ್ತಲಲ್ಲಿ ನೋಡಲು ಹತ್ತು ಕನ್ನಡಕಗಳವರೆಗೆ ಹೆಸರಿಸಿದ್ದಾರೆ. ಯಾವ ಕಂಪನಿ ಪೂರೈಸುತ್ತದೆ, ಅದಕ್ಕಾಗಿ ಅಮೆರಿಕದ ಸಿಬ್ಬಂದಿ ಆ ದೇಶಕ್ಕೆ ಹೋಗಬೇಕಾಗುತ್ತದೆಯೇ ಎಂಬುದೂ ಅಲ್ಲಿರುತ್ತದೆ. ಬರೆದ ಮೊತ್ತ ಗರಿಷ್ಠ ಅಂದಾಜು ಮಾತ್ರ, ಕೊನೆಯ ಒಪ್ಪಂದ ಅದಕ್ಕಿಂತ ಕಡಿಮೆಯಾಗಬಹುದು ಎಂದೂ ಹೇಳಿರುತ್ತಾರೆ. ನಮ್ಮ ಪತ್ರಿಕೆಗಳು ಇದನ್ನೇ ಮರೆತು, ಒಪ್ಪಿಗೆ ಬಂದ ದಿನವೇ ಖರೀದಿ ಮುಗಿಯಿತೆಂಬಂತೆ ಬರೆಯುತ್ತವೆ. ಇಷ್ಟಾದರೂ ನನಗೆ ನೋವಾಗುವುದು ಒಂದು ಕಾರಣಕ್ಕೆ. ನನ್ನ ದೇಶದ ವಾಯುಪಡೆ ಯಾವ ಬಿಡಿಭಾಗಕ್ಕೆ ಕಾದಿದೆಯೆಂಬುದನ್ನು ನಾನು ತಿಳಿದದ್ದು ಇನ್ನೊಂದು ದೇಶದ ಸರ್ಕಾರ ತನ್ನ ಜನಪ್ರತಿನಿಧಿಗಳಿಗೆ ಬರೆದ ಪತ್ರದಿಂದ.

ಬಿಡಿಭಾಗದ ವಿಚಾರ ಎಷ್ಟು ದೊಡ್ಡದೆಂಬುದಕ್ಕೆ ಸಿ-17 ವಿಮಾನವನ್ನೇ ನೋಡಬಹುದು. ಭಾರತದ ಬಳಿ 11 ಇವೆ. ಒಟ್ಟು 279 ವಿಮಾನಗಳನ್ನು ಕಟ್ಟಿ, 2015ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಕಾರ್ಖಾನೆ ಆ ಕೆಲಸವನ್ನೇ ನಿಲ್ಲಿಸಿತು. ಹೊಸ ವಿಮಾನ ಇನ್ನು ಸಿಗುವುದಿಲ್ಲ. ಇರುವುದನ್ನು ಇನ್ನೂ ಹಲವು ದಶಕ ಹಾರಿಸಬೇಕು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಕತಾರ್ ಮೊದಲಾದ ದೇಶಗಳು ಅಮೆರಿಕದ ವಾಯುಪಡೆಯೊಡನೆ ಸೇರಿ ಒಂದೇ ಬಿಡಿಭಾಗದ ದಾಸ್ತಾನನ್ನು ಹಂಚಿಕೊಳ್ಳುವ ಏರ್ಪಾಡೊಂದು ಇರುವುದರಿಂದಲೇ ಎಂಟು, ಐದು ವಿಮಾನಗಳಿರುವ ದೇಶಗಳೂ ಅವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ಸಾಧ್ಯವಾಗಿದೆ. ಸೇನಾ ಸಲಕರಣೆಯೊಂದರ ಜೀವಮಾನದ ಖರ್ಚಿನಲ್ಲಿ ಸುಮಾರು ಶೇ 70ರಷ್ಟು ಅದನ್ನು ನಡೆಸುವುದಕ್ಕೂ ಸುಸ್ಥಿತಿಯಲ್ಲಿ ಇಡುವುದಕ್ಕೂ ಹೋಗುತ್ತದೆಂದು ಅಮೆರಿಕದ ಲೆಕ್ಕ ಪರಿಶೋಧಕರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಖರೀದಿಯ ದಿನ ನಾವು ಚರ್ಚಿಸುವುದು ಉಳಿದ ಭಾಗವನ್ನು ಮಾತ್ರ.

ಈ ಬಹಿರಂಗ ಪದ್ಧತಿಯನ್ನು ಔದಾರ್ಯವೆಂದು ನಾನು ಭಾವಿಸಿಲ್ಲ. ಬಿಡಿಭಾಗ ಕೊಡುವವರ ಕೈಯಲ್ಲಿ ಲಗಾಮು ಇರುತ್ತದೆ. ಅಣ್ವಸ್ತ್ರದ ಕಾರಣಕ್ಕೆ ಪಾಕಿಸ್ತಾನಕ್ಕೆ ಸೇನಾ ನೆರವನ್ನು ತಡೆಯುವ ಪ್ರೆಸ್ಲರ್ ತಿದ್ದುಪಡಿಯನ್ನು 1990ರಲ್ಲಿ ಅಮೆರಿಕ ಅನ್ವಯಿಸಿದಾಗ ಪಾಕಿಸ್ತಾನಕ್ಕಾಗಿ ಕಟ್ಟಿದ್ದ 28 ಎಫ್-16 ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ವರ್ಷಗಟ್ಟಲೆ ನಿಂತವು. 1979ರ ಕ್ರಾಂತಿಯ ನಂತರ ಇರಾನಿನ ಎಫ್-14 ವಿಮಾನಗಳಿಗೆ ಬಿಡಿಭಾಗ ನಿಂತುಹೋಗಿ, ಒಂದನ್ನು ಹಾರಿಸಲು ಇನ್ನೊಂದನ್ನು ಬಿಚ್ಚಬೇಕಾಯಿತು. ನಮಗೂ ಅದರ ಪೆಟ್ಟು ಬಿದ್ದಿದೆ. 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧದಿಂದ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರುಗಳು ಬಿಡಿಭಾಗವಿಲ್ಲದೆ ಸೊರಗಿದವು. ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಹಿಂದಕ್ಕೆ ಕಳಿಸಲಾಯಿತು. ಆ ಕೆಲಸವನ್ನು ಅವರು ಬೆಂಗಳೂರಿನಲ್ಲಿ ಮುಗಿಸಿ, 2001ರ ಜನವರಿ 4ರಂದು ವಿಮಾನ ಮೊದಲ ಬಾರಿಗೆ ಹಾರಿತು. ಪ್ರಕಟಣೆಗಳ ಕೊನೆಯಲ್ಲಿ, ಈ ಮಾರಾಟದಿಂದ ಆ ಪ್ರದೇಶದ ಮೂಲ ಸೇನಾ ಸಮತೋಲನ ಬದಲಾಗುವುದಿಲ್ಲ ಎಂಬ ವಾಕ್ಯವಿರುತ್ತದೆ. ಭಾರತಕ್ಕೆ ಮಾರುವಾಗಲೂ ಅದೇ ವಾಕ್ಯ, 2022ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎಫ್-16 ನಿರ್ವಹಣೆಗೆ 45 ಕೋಟಿ ಡಾಲರಿನ ಒಪ್ಪಿಗೆ ಕೊಟ್ಟು, ಭಾರತದ ಆಕ್ಷೇಪಕ್ಕೆ ಗುರಿಯಾದಾಗಲೂ ಅದೇ ವಾಕ್ಯ. ಆದರೂ ಅದನ್ನು ಬರೆದು, ಸಹಿ ಮಾಡಿ, ಎಲ್ಲರೂ ಓದುವಂತೆ ಇಟ್ಟಿದ್ದರಿಂದಲೇ ನಮ್ಮ ಸರ್ಕಾರ ಅದನ್ನು ಹಿಡಿದು ಪ್ರಶ್ನಿಸಲು ಆಯಿತು.

ವಿಮಾನ ದುರಸ್ತಿಯಲ್ಲಿ ನಮ್ಮ ನಾಡಿಗೆ ಇರುವ ಹಳೆಯ ಅನುಭವವನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಬೆಂಗಳೂರಿನಲ್ಲಿ ಇಂದಿನ ಎಚ್‌ಎಎಲ್ ಆಗಿರುವ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದಾಗ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯಲ್ಲಿದ್ದ ಮೈಸೂರು ಸಂಸ್ಥಾನ ಜಾಗವನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. ಅಂದಿನ ಬೆಂಗಳೂರಿಗೆ ವಿದ್ಯುತ್ತು ಹರಿಯುತ್ತಿದ್ದುದು ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ. 1943ರಲ್ಲಿ ಆ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡು, ಬರ್ಮಾ ಮತ್ತು ಚೀನಾದ ಯುದ್ಧರಂಗದಲ್ಲಿ ಹಾರುತ್ತಿದ್ದ ವಿಮಾನಗಳನ್ನು ಅಲ್ಲಿ ಓವರ್‌ಹಾಲ್ ಮಾಡಿಸಿತು. ಇಂದು ವಾರ್ನರ್ ರಾಬಿನ್ಸ್‌ನಲ್ಲಿ ನಡೆಯುವ ಬಗೆಯ ಕೆಲಸ ಆಗ ಮೈಸೂರು ಸಂಸ್ಥಾನದ ನೆಲದಲ್ಲಿ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ, ಮತ್ತೆ ಹಾರಬಾರದೆಂದೇ ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರುಗಳನ್ನು ನಮ್ಮವರು ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದರು. ಪೈಲಟ್ ಜಮ್‌ಶೇಡ್ ಮುನ್ಷಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ತಯಾರಕರ ಬೆಂಬಲವಿಲ್ಲದೆ, ಯಾವ ದೇಶದ ಅಪ್ಪಣೆಯೂ ಇಲ್ಲದೆ ಮರುಜೀವ ಪಡೆದ ಆ ವಿಮಾನಗಳು 1968ರವರೆಗೆ ವಾಯುಪಡೆಯಲ್ಲಿ ದುಡಿದವು.

ಅಂಥ ಕೈಗಳಿರುವ ನಾವು ಈಗ ಮಾರುವವರ ಸಾಲಿಗೂ ಸೇರಿದ್ದೇವೆ. 2024–25ರಲ್ಲಿ ಭಾರತದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿಯಾಯಿತು. ಈ ಒಟ್ಟು ಮೊತ್ತವನ್ನು ಸರ್ಕಾರ ಹೆಮ್ಮೆಯಿಂದ ಪ್ರಕಟಿಸುತ್ತದೆ. ಆದರೆ ಯಾವ ದೇಶಕ್ಕೆ, ಯಾವ ವಿಮಾನಕ್ಕೆ, ಎಷ್ಟು ವರ್ಷ ಬಿಡಿಭಾಗ ಕೊಡುವುದಾಗಿ ಒಪ್ಪಿದ್ದೇವೆ ಎಂಬುದನ್ನು ಸಹಿಗೆ ಮುನ್ನ ಸಂಸತ್ತಿಗೆ ತಿಳಿಸಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಅಪ್ಪಣೆ ಇಲಾಖೆಯ ಕಡತದಲ್ಲಿ ಹುಟ್ಟಿ ಅಲ್ಲಿಯೇ ಉಳಿಯುತ್ತದೆ.

ಇದರ ನಷ್ಟವನ್ನು ಈಕ್ವೆಡಾರ್ ಪ್ರಕರಣದಲ್ಲಿ ಕಂಡಿದ್ದೇವೆ. ಆ ದೇಶ ನಮ್ಮಿಂದ ಏಳು ಧ್ರುವ್ ಹೆಲಿಕಾಪ್ಟರುಗಳನ್ನು ಕೊಂಡಿತು. ಅವುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. 2015ರಲ್ಲಿ ಅದು ಒಪ್ಪಂದವನ್ನೇ ರದ್ದುಮಾಡಿತು. ಬಿಡಿಭಾಗಗಳ ಪೂರೈಕೆಯಲ್ಲಿ ಲೋಪವಾಯಿತೆಂಬುದು ಅವರ ದೂರು, ಕೆಲವು ಅಪಘಾತಗಳಿಗೆ ಚಾಲಕರ ತಪ್ಪೇ ಕಾರಣವೆಂಬುದು ಈ ಕಡೆಯ ವಾದ. ಯಾರ ಮಾತು ಎಷ್ಟು ಸರಿಯೆಂದು ತೂಗಿ ನೋಡಲು ನಮ್ಮ ಮುಂದೆ ಒಂದು ಪುಟವೂ ಇರಲಿಲ್ಲ. ನಾವು ಏನನ್ನು ಕೊಡುವುದಾಗಿ ಮಾತುಕೊಟ್ಟಿದ್ದೆವೆಂದು ಮೊದಲೇ ಬರೆದು ಪ್ರಕಟಿಸಿದ್ದರೆ ತಯಾರಿಸಿದವರಿಗೂ ಅದು ರಕ್ಷಣೆಯಾಗುತ್ತಿತ್ತು, ಪೂರೈಕೆ ತಡವಾಗುವ ಮೊದಲೇ ಸಂಸದರೊಬ್ಬರು ಎದ್ದು ಕೇಳಲು ಆಧಾರವೂ ಸಿಗುತ್ತಿತ್ತು.

ಗುಟ್ಟು ಬಯಲಾದೀತೆಂಬ ಆತಂಕ ನನಗೂ ಅರ್ಥವಾಗುತ್ತದೆ. ಅದಕ್ಕೆ ಅಮೆರಿಕದ ಪ್ರಕಟಣೆಗಳಲ್ಲಿಯೇ ಉತ್ತರವಿದೆ. ಉಪಕರಣದ ಹೆಸರು, ಸಂಖ್ಯೆ, ಗರಿಷ್ಠ ಮೊತ್ತ ಇರುತ್ತವೆ, ಅದರ ಒಳಗುಟ್ಟು ಇರುವುದಿಲ್ಲ. ನಾವು ಕೊಳ್ಳುವಾಗಲೂ ಇಂಥದೇ ಒಂದು ಪುಟ ಬೇಕು. 2024ರ ಅಕ್ಟೋಬರ್‌ನಲ್ಲಿ 31 ಎಂಕ್ಯೂ-9ಬಿ ಡ್ರೋನುಗಳ ಖರೀದಿಗೆ ಸಹಿ ಹಾಕಿದಾಗ ಅವುಗಳ ನಿರ್ವಹಣೆ ಭಾರತದಲ್ಲಿಯೇ ನಡೆಯುವಂತೆ ಪ್ರತ್ಯೇಕ ಒಪ್ಪಂದವನ್ನೂ ಮಾಡಿಕೊಂಡರು. ಸಿ-130ಜೆ ವಿಮಾನಗಳಿಗೂ ಇಲ್ಲಿಯೇ ದುರಸ್ತಿ ಕೇಂದ್ರ ತರಲು ಟಾಟಾ ಮತ್ತು ಆ ವಿಮಾನದ ತಯಾರಕ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಅದೇ ವರ್ಷ ಒಪ್ಪಿಕೊಂಡವು. ಎರಡೂ ಒಳ್ಳೆಯ ಹೆಜ್ಜೆಗಳು. ಎಷ್ಟು ಭಾಗ ಇಲ್ಲಿ ದುರಸ್ತಿಯಾಗುತ್ತದೆ, ಎಷ್ಟಕ್ಕೆ ಇನ್ನೂ ಅಪ್ಪಣೆ ಕಾಯಬೇಕು ಎಂಬುದನ್ನೂ ಹೇಳಿದರೆ ಮುಂದಿನ ನಿರ್ಬಂಧದ ದಿನ ನಾವು ಎಲ್ಲಿ ನಿಂತಿರುತ್ತೇವೆಂದು ಈಗಲೇ ತಿಳಿಯುತ್ತದೆ.

2024ರಲ್ಲಿ ದಕ್ಷಿಣ ಅಮೆರಿಕದ ಗಯಾನಾ ದೇಶಕ್ಕೆ ನಾವು ಎರಡು ಡಾರ್ನಿಯರ್-228 ವಿಮಾನಗಳನ್ನು ನಮ್ಮದೇ ಸಾಲದ ನೆರವಿನಲ್ಲಿ ಮಾರಿದ್ದೇವೆ. ಆ ವಿಮಾನ ತಯಾರಾಗುವುದು ಕಾನ್ಪುರದಲ್ಲಿ, ಲಿಬರೇಟರುಗಳು ಬಿದ್ದಿದ್ದ ಅದೇ ಊರಿನಲ್ಲಿ. ಅಲ್ಲಿಂದ ಗಯಾನಾದ ರಾಜಧಾನಿ ಜಾರ್ಜ್‌ಟೌನಿಗೆ ಒಂದು ಬಿಡಿಭಾಗ ಎಷ್ಟು ದಿನಗಳಲ್ಲಿ ತಲುಪಬೇಕು, ತಲುಪದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಗಯಾನಾದ ಪ್ರಜೆಯೊಬ್ಬ ಭಾರತ ಸರ್ಕಾರದ ಪ್ರಕಟಣೆಯಲ್ಲಿಯೇ ಓದುವಂತಾಗಬೇಕು. ನಮ್ಮ ಚಿಕ್ಕಪ್ಪನೂ ಅದನ್ನು ಕನ್ನಡದಲ್ಲಿ ಓದುವಂತಾಗಬೇಕು.